ಗುದ್ದಲಿ ನಿಮ್ಮ ಕೈಲೇ ಇರಲಿ, ಏಣಿ ಮಾತ್ರ ಬೇಡ

ಪ್ರಶ್ನೆ: ನನಗೆ 43 ವರ್ಷ. ಸಾಫ್ಟ್‌ವೇರ್ ಕೆಲಸ ಮನೆಯಿಂದಲೇ ಮಾಡಬಹುದು ಅಂತಾದ ಮೇಲೆ ಬೆಂಗಳೂರು ಬಿಟ್ಟು ಮೈಸೂರಿನ ರಾಮಕೃಷ್ಣನಗರದಲ್ಲಿರುವ ಅಪ್ಪನ ಮನೆಗೆ ಬಂದಿದ್ದೇನೆ. 50–80 ಸೈಟು. ಮುಂದೆ ಇಪ್ಪತ್ತು–ಹದಿನೈದು ಅಡಿ ಹುಲ್ಲುಹಾಸು, ಪಕ್ಕದಲ್ಲಿ ಮಾವಿನ ಮರ, ಹಿತ್ತಲಲ್ಲಿ ಎರಡು ತೆಂಗು. ಅಪ್ಪನಿಗೆ 72, ಬಿ.ಪಿ. ಇದೆ. ಮಂಡ್ಯ ಕಡೆ ಒಕ್ಕಲು ಮನೆಯಿಂದ ಬಂದು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ಈ ಮನೆ ಕಟ್ಟಿದಾಗಿನಿಂದ ಹಿತ್ತಲ ಕೆಲಸಕ್ಕೆ ಒಬ್ಬ ಆಳನ್ನೂ ಕರೆದವರಲ್ಲ. "ಕೈಕಾಲು ನೆಟ್ಟಗಿರೋಗಂಟ ನಮ್ ಹಿತ್ಲು ಕಳೆ ನಾವೇ ಕೀಳ್ಬೇಕು ಕಣ್ಲಾ" ಅನ್ನುವುದು ನಾನು ಚಿಕ್ಕಂದಿನಿಂದ ಕೇಳಿದ ಪಾಠ. ಅದನ್ನೇ ನಂಬಿ ಜನವರಿಯಿಂದ ಭಾನುವಾರ ಭಾನುವಾರ ಗುದ್ದಲಿ ಹಿಡಿಯುತ್ತಿದ್ದೇನೆ. ಆದದ್ದು ಇಷ್ಟು: ಮೂರು ವಾರದ ಹಿಂದೆ ಹುಲ್ಲನ್ನು ಮೆಷಿನ್‌ನಲ್ಲಿ ನೆಲಮಟ್ಟಕ್ಕೆ ಕತ್ತರಿಸಿ ಎರಡು ಕೆ.ಜಿ. ಯೂರಿಯಾ ಎರಚಿದೆ, ಈಗ ಎಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಕೊನ್ನಾರಿ ಕಳೆ ಅಗೆದಷ್ಟೂ ಹೆಚ್ಚುತ್ತಿದೆ. ಉಪ್ಪು ಸುರಿಯಿರಿ ಅನ್ನುತ್ತಾರೆ ಪಕ್ಕದ ಮನೆಯವರು. ಭಾನುವಾರ ಅಗೆದರೆ ಬುಧವಾರದವರೆಗೆ ಸೊಂಟ ಹಿಡಿದಿರುತ್ತೆ. ಮಾವಿನ ಕೊಂಬೆ ಕರೆಂಟ್ ತಂತಿಗೆ ತಾಗುವಂತಿದೆ. ಎಲ್ಲಕ್ಕಿಂತ ದೊಡ್ಡದು, ಕಳೆದ ತಿಂಗಳು ಅಪ್ಪ ತೆಂಗಿನ ಮರಕ್ಕೆ ಏಣಿ ಹಾಕಿ ಒಣಗರಿ ಎಳೆಯಲು ಹೋಗಿ ಬಿದ್ದಿದ್ದಾರೆ. ನಮಗೆ ಹೇಳಲೇ ಇಲ್ಲ. ಮೊಣಕೈ ತರಚಿದ್ದು ನೋಡಿ ನನ್ನ ಹೆಂಡತಿ ಕೇಳಿದಾಗ ಗೊತ್ತಾಯಿತು. ಆಳು ಕರೆಯೋಣ ಅಂದರೆ ಎರಡು ದಿನ ಮಾತು ಬಿಡುತ್ತಾರೆ. ನಾನೇ ಗುದ್ದಲಿ ಹಿಡಿದರೆ ಬೀದಿಯವರು "ಅಷ್ಟು ಸಂಬಳ ಬರುತ್ತೆ, ದುಡ್ಡು ಕೊಟ್ಟು ಮಾಡಿಸಬಾರದಾ" ಅಂತ ನಗುತ್ತಾರೆ. ಯಾವುದನ್ನು ನಾವೇ ಮಾಡಬೇಕು, ಯಾವುದಕ್ಕೆ ಜನ ಕರೆಯಬೇಕು?
— ಹೆಸರು ಬೇಡ, ಮೈಸೂರು

ಉತ್ತರ: ಹುಲ್ಲು, ಕಳೆ, ಸೊಂಟ ಎಲ್ಲಕ್ಕೂ ದಾರಿ ಇದೆ, ಒಂದೊಂದಾಗಿ ಬರುತ್ತೇನೆ. ಮೊದಲು ಅಪ್ಪ ಬಿದ್ದ ವಿಷಯ. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ ಅಂತ ಸಮಾಧಾನವಾಗಿ ಕೇಳಿ. ವಯಸ್ಸಾದವರಲ್ಲಿ ತಲೆಯೊಳಗೆ ನಿಧಾನವಾಗಿ ರಕ್ತ ಸೇರಿಕೊಂಡು ಕೆಲವು ವಾರಗಳಾದ ಮೇಲೆ ಲಕ್ಷಣ ಕಾಣಿಸಿಕೊಳ್ಳುವುದುಂಟು: ಬಿಡದ ತಲೆನೋವು, ಹೆಚ್ಚು ಮಂಪರು, ನಡೆಯುವಾಗ ಓಲಾಟ, ಮಾತಿನಲ್ಲಿ ಗೊಂದಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಇಂಥದ್ದು ಏನಾದರೂ ಕಂಡರೆ ನಾಳೆ ನಾಡಿದ್ದು ಅನ್ನದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನೂ ಇಲ್ಲದಿದ್ದರೂ ಮುಂದಿನ ಸಲ ಡಾಕ್ಟರ್ ಬಳಿ ಹೋದಾಗ ಬಿದ್ದದ್ದನ್ನು ಹೇಳಿ, ಕೂತಾಗೊಮ್ಮೆ ನಿಂತಾಗೊಮ್ಮೆ ಬಿ.ಪಿ. ನೋಡಿಸಿ. ಮಾತ್ರೆ ತಿನ್ನುವ ಕೆಲವರಿಗೆ ಕುಕ್ಕರುಗಾಲಿನಿಂದ ಎದ್ದ ಕೂಡಲೇ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಕಳೆ ಕೀಳುವವರು ದಿನಕ್ಕೆ ಇಪ್ಪತ್ತು ಸಲ ಹಾಗೆ ಎದ್ದು ಕೂರುತ್ತಾರೆ.

ಮುಚ್ಚಿಟ್ಟದ್ದು ಯಾಕೆ ಅನ್ನುವುದಕ್ಕೆ ದೊಡ್ಡ ವಿವರಣೆ ಬೇಕಿಲ್ಲ. ಹೇಳಿದರೆ ಮಾರನೇ ದಿನ ಏಣಿಯ ಜೊತೆಗೆ ಗುದ್ದಲಿ, ಕುಡುಗೋಲು, ನೀರಿನ ಪೈಪೂ ಕೈತಪ್ಪುತ್ತವೆ ಅಂತ ಅವರಿಗೆ ಗೊತ್ತು. ತೋಟದ ಸಲಹೆ ಕೇಳುವ ಮನೆಗಳಲ್ಲಿ ಇದು ತೀರಾ ಸಾಮಾನ್ಯ. ಮಕ್ಕಳು ಹೆದರಿ "ಇನ್ಮೇಲೆ ಹಿತ್ತಲಿಗೆ ಕಾಲಿಡಬೇಡಿ" ಅನ್ನುತ್ತಾರೆ. ಹಿರಿಯರು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕದ್ದು ಮಾಡುತ್ತಾರೆ. ಕದ್ದು ಮಾಡುವ ಕೆಲಸದಲ್ಲಿ ಏಣಿ ಹಿಡಿದುಕೊಳ್ಳಲು ಯಾರೂ ಇರುವುದಿಲ್ಲ. ಆದ್ದರಿಂದ ಒಟ್ಟಾರೆ ನಿಷೇಧ ಹಾಕಬೇಡಿ. ಬೇಡ ಅನ್ನಬೇಕಾದದ್ದು ಒಂದೇ, ಏಣಿ. ಅದನ್ನು ಹೇಳುವಾಗ ನಿಮ್ಮನ್ನೂ ಸೇರಿಸಿಕೊಂಡು ಹೇಳಿ: "ಅಪ್ಪಾ, ಈ ಮನೇಲಿ ಇನ್ಮೇಲೆ ನೀವೂ ಹತ್ತೋದು ಬೇಡ, ನಾನೂ ಹತ್ತಲ್ಲ."

ಅವರು ಒಪ್ಪದಿದ್ದರೆ ಹಳ್ಳಿಯ ಲೆಕ್ಕವನ್ನೇ ನೆನಪಿಸಿ. ಹಿಂದಿನವರು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಿದ್ದರು ಅನ್ನುವುದು ಅರ್ಧ ನಿಜ. ಮಂಡ್ಯ ಸೀಮೆಯಲ್ಲಿ ನಾಟಿ ಸಮಯಕ್ಕೆ ಮುಯ್ಯಾಳು ನಡೆಯುತ್ತಿತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆಲೆಮನೆಯಲ್ಲಿ ಪಾಕದ ಹದ ನೋಡಿ ಕೊಪ್ಪರಿಗೆ ಇಳಿಸುವವನೇ ಬೇರೆ, ನೇಗಿಲ ಗುಳ ತಟ್ಟಿಕೊಡುವ ಕುಲುಮೆಯವನೇ ಬೇರೆ, ತೆಂಗಿನ ಮರ ಹತ್ತುವವನೇ ಬೇರೆ. ಹತ್ತೆಕರೆ ಒಕ್ಕಲುಗಾರನೂ ಕಾಯಿ ಕೀಳಿಸಲು ಮರ ಹತ್ತುವವನಿಗೆ ಹೇಳಿಕಳಿಸುತ್ತಿದ್ದ. ಅದರಿಂದ ಅವನ ಗತ್ತಿಗೆ ಯಾವ ಕುಂದೂ ಬರುತ್ತಿರಲಿಲ್ಲ. ನೀವು ಬರೆದಿರುವ ಅಪ್ಪನ ಮಾತನ್ನೇ ಇನ್ನೊಮ್ಮೆ ಓದಿ ನೋಡಿ. ಅವರು ಹೇಳಿದ್ದು ಕಳೆಯ ಬಗ್ಗೆ. ಮರದ ಬಗ್ಗೆ ಅಲ್ಲ.

ಬೀದಿಯವರ ನಗೆಗೆ ಉತ್ತರ ಹುಡುಕಬೇಡಿ. ದಿನಗೂಲಿ ಕೊಟ್ಟರೆ ಹಿತ್ತಲು ಒಂದು ದಿನ ಚೊಕ್ಕಟವಾಗುತ್ತದೆ, ಅಷ್ಟೇ. ಹದಿನೈದು ದಿನಕ್ಕೊಮ್ಮೆ ಬಗ್ಗಿ ನೋಡುವ ಕಣ್ಣು ಕೂಲಿಗೆ ಸಿಗುವುದಿಲ್ಲ, ಮತ್ತು ನಿಮ್ಮ ಕೊನ್ನಾರಿಗೆ ಬೇಕಿರುವುದು ಅದೇ.

ತೆಂಗಿಗೆ ಬರೋಣ. ಏಣಿಗೆ ತೆಂಗಿನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಕಾಂಡ ದುಂಡಗಿರುವುದರಿಂದ ಏಣಿಯ ತುದಿ ಗೋಡೆಗೆ ಆತುಕೊಂಡ ಹಾಗೆ ಎರಡು ಕಡೆ ಆತುಕೊಳ್ಳುವುದಿಲ್ಲ; ಮೇಲಿನ ಒಂದು ಮೆಟ್ಟಿಲಿನ ನಡುಭಾಗ ಮಾತ್ರ ಕಾಂಡಕ್ಕೆ ತಾಗಿರುತ್ತದೆ. ಸ್ವಲ್ಪ ಪಕ್ಕಕ್ಕೆ ವಾಲಿದರೂ ಏಣಿ ತಿರುಗುತ್ತದೆ. ಬುಡದ ಪಾತಿ ಮಣ್ಣು ಮೆತ್ತಗಿದ್ದು ಒಂದು ಕಾಲು ಹೂತುಕೊಳ್ಳುತ್ತದೆ. ಅದರ ಮೇಲೆ ಒಣಗರಿ: ಎಳೆದಾಗ ಮೊದಲು ಬರುವುದಿಲ್ಲ, ಇನ್ನೂ ಬಲ ಹಾಕಿದಾಗ ಬುಡ ಸಮೇತ ಒಮ್ಮೆಲೇ ಕಿತ್ತುಬರುತ್ತದೆ, ಎಳೆಯುತ್ತಿದ್ದವರ ಮೈ ಅದೇ ರಭಸದಲ್ಲಿ ಹಿಂದಕ್ಕೆ ಹೋಗುತ್ತದೆ. ನಿಮ್ಮ ಅಪ್ಪ ಬಿದ್ದದ್ದೂ ಬಹುಶಃ ಹೀಗೆಯೇ. ಇದರಲ್ಲಿ ವಯಸ್ಸಿನ ಪಾತ್ರ ಕಡಿಮೆ, 43 ವರ್ಷದವರೂ ಹೀಗೇ ಬೀಳುತ್ತಾರೆ.

"ಆನ್‌ಲೈನ್‌ನಲ್ಲಿ ಮರ ಹತ್ತುವ ಯಂತ್ರ ಸಿಗುತ್ತೆ, ತಂದು ನಾನೇ ಹತ್ತುತ್ತೇನೆ" ಅನ್ನುವ ಯೋಚನೆ ಈಗಾಗಲೇ ಬಂದಿರಬಹುದು. ಯಂತ್ರ ಒಳ್ಳೆಯದೇ. ಆದರೆ ಮೇಲೆ ಹೋದ ಹಾಗೆ ಕಾಂಡದ ದಪ್ಪ ಬದಲಾಗುತ್ತದೆ, ತಂತಿಯ ಕುಣಿಕೆಯನ್ನು ನಡುದಾರಿಯಲ್ಲಿ ಬಿಗಿ ಮಾಡಿಕೊಳ್ಳಬೇಕು, ಸೊಂಟದ ಬೆಲ್ಟು ಯಂತ್ರದಿಂದ ಪ್ರತ್ಯೇಕವಾಗಿ ಮರಕ್ಕೆ ಸುತ್ತಿರಬೇಕು. ವರ್ಷಕ್ಕೆ ಎಂಟು ಸಲ ಎರಡು ಮರ ಹತ್ತುವುದಕ್ಕೋಸ್ಕರ ಈ ವಿದ್ಯೆ ಕಲಿಯುವುದು ಲಾಭದ ಮಾತಲ್ಲ. ಅಪರೂಪಕ್ಕೆ ಹತ್ತುವವರ ಕೈ ಎಂದೂ ಪಳಗುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದಲ್ಲಿ ಮರ ಹತ್ತುವ ತರಬೇತಿ ಕೊಡಿಸುತ್ತಿದೆ. ಮಂಡಳಿಯ ಫಾರ್ಮ್ ಮಂಡ್ಯದ ಲೋಕಸರದಲ್ಲಿದೆ, ತರಬೇತಾದವರ ಬಗ್ಗೆ ಅಲ್ಲಿ ವಿಚಾರಿಸಿ ನೋಡಿ. ಇಲ್ಲವೇ ನಿಮ್ಮ ಬಡಾವಣೆಯ ಎಳನೀರು ಅಂಗಡಿಯಲ್ಲಿ ಕೇಳಿ. ಮರ ಹತ್ತುವವರ ನಂಬರು ಅವರ ಬಳಿ ಇದ್ದೇ ಇರುತ್ತದೆ.

ಒಂದೂವರೆ ತಿಂಗಳಿಗೊಮ್ಮೆ ಬರುವಂತೆ ಮಾತಾಡಿಕೊಳ್ಳಿ. ಬಂದಾಗ ಕಾಯಿ ಇಳಿಸಿ ಹೋಗಿಬಿಡುವುದಲ್ಲ. ಒಣಗಿ ಜೋತುಬಿದ್ದ ಗರಿ, ಒಣ ಹೊಂಬಾಳೆ ತೆಗೆಯಬೇಕು. ಸುಳಿ ನೋಡಬೇಕು. ಬಿಚ್ಚಿಕೊಂಡ ಗರಿಯಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಓರೆ ಓರೆ ಕಾಣುತ್ತಿದ್ದರೆ ಅದು ಕುರುವಾಯಿ ದುಂಬಿಯ ಕೆಲಸ. ಬೇವಿನ ಹಿಂಡಿ 250 ಗ್ರಾಂಗೆ ಅಷ್ಟೇ ಅಳತೆಯ ಮರಳು ಬೆರೆಸಿ ಕೊಟ್ಟರೆ ಸುಳಿಯ ಪಕ್ಕದ ಮೂರು ಗರಿಗಳ ಸಂದಿಗೆ ತುಂಬುತ್ತಾರೆ. ವರ್ಷಕ್ಕೆ ಮೂರು ಸಲ ಸಾಕು. ಹಸಿರು ಗರಿ ಕಡಿದರೆ ಕಾಯಿ ಜಾಸ್ತಿ ಹಿಡಿಯುತ್ತದೆ ಅಂತ ಕೆಲವು ಮರ ಹತ್ತುವವರೂ ಹೇಳುತ್ತಾರೆ, ಒಪ್ಪಬೇಡಿ. ತೆಂಗು ತಿಂಗಳಿಗೆ ಸುಮಾರು ಒಂದರಂತೆ ಗರಿ ಬಿಡುತ್ತದೆ, ಪ್ರತಿ ಗರಿಯ ಸಂದಿಯಿಂದ ಒಂದು ಹೊಂಬಾಳೆ ಹೊರಡುತ್ತದೆ. ಹಸಿರು ಗರಿ ಕಡಿದರೆ ಅದರ ಮೇಲೆ ಒರಗಿರುವ ಗೊನೆ ಆಸರೆ ತಪ್ಪಿ ಜೋತುಬೀಳುತ್ತದೆ, ಮರಕ್ಕೆ ಊಟವೂ ಕಡಿಮೆಯಾಗುತ್ತದೆ.

ಮರ ಹತ್ತುವುದು ಹೊರಗಿನವರದ್ದು, ಬುಡ ನೋಡುವುದು ನಿಮ್ಮದು. ಬುಡದಿಂದ ಆರಡಿ ದೂರದವರೆಗೆ ದುಂಡಗೆ ಪಾತಿ ಮಾಡಿ. ಫಸಲಿಗೆ ಬಂದ ಒಂದು ಮರಕ್ಕೆ ವರ್ಷಕ್ಕೆ 50 ಕೆ.ಜಿ. ಕೊಟ್ಟಿಗೆ ಗೊಬ್ಬರ, ಯೂರಿಯಾ 1.1 ಕೆ.ಜಿ., ಸೂಪರ್ ಫಾಸ್ಫೇಟ್ 2 ಕೆ.ಜಿ., ಮ್ಯುರಿಯೇಟ್ ಆಫ್ ಪೊಟ್ಯಾಷ್ 2 ಕೆ.ಜಿ. ರಾಸಾಯನಿಕ ಗೊಬ್ಬರದ ಮೂರರಲ್ಲಿ ಒಂದು ಪಾಲನ್ನು ಮೇ–ಜೂನ್ ಮಳೆಗೆ, ಉಳಿದ ಎರಡು ಪಾಲನ್ನು ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಕೊಡಿ. ಮೈಸೂರಿನಲ್ಲಿ ಹದವಾದ ಮಳೆ ಬೀಳುವ ಎರಡು ಕಾಲ ಅವೇ. ಬುಡಕ್ಕೇ ಸುರಿಯಬೇಡಿ, ಪಾತಿಯ ಹೊರ ಅರ್ಧದಲ್ಲಿ ಹರಡಿ ಮಣ್ಣು ಕೆದಕಿ ಮುಚ್ಚಿ.

ಇನ್ನು ಹುಲ್ಲು. ನಿಮ್ಮ ಹುಲ್ಲುಹಾಸು 300 ಚದರಡಿ, ಅಂದರೆ 28 ಚದರ ಮೀಟರ್. ಒಂದು ಸಲಕ್ಕೆ ಚದರ ಮೀಟರಿಗೆ 10 ಗ್ರಾಂ ಯೂರಿಯಾ ಗರಿಷ್ಠ. ನಿಮಗೆ ಬೇಕಿದ್ದದ್ದು 280 ಗ್ರಾಂ. ಹಾಕಿದ್ದು ಏಳು ಪಟ್ಟು. ಅದೂ ಬೋಳು ಹೊಡೆದ ಹುಲ್ಲಿಗೆ. ಎಲೆಯೇ ಇಲ್ಲದ ಗಿಡ ಗೊಬ್ಬರ ಎಳೆದುಕೊಂಡು ಏನೂ ಮಾಡಲಾರದು. ಮಣ್ಣಿನಲ್ಲಿ ಕರಗಿದ ಉಪ್ಪಿನಂಶವೇ ಬೇರಿನಿಂದ ನೀರನ್ನು ಹೊರಗೆಳೆಯುತ್ತದೆ. ಹಾಕಿದ ದಿನವೇ ಗೊತ್ತಾಗಿದ್ದರೆ ಧಾರಾಳ ನೀರು ಹರಿಸಿ ಉಳಿಸಬಹುದಿತ್ತು. ಮೂರು ವಾರವಾದ ಮೇಲೆ ನೀರು ಹೊಡೆದು ತೊಳೆಯುವುದರಿಂದ ಪ್ರಯೋಜನ ಕಡಿಮೆ.

ಸತ್ತಿದೆಯೋ ಬದುಕಿದೆಯೋ ನೋಡುವುದು ಸುಲಭ. ಅಲ್ಲಲ್ಲಿ ಒಂದೊಂದು ಹಿಡಿ ಹುಲ್ಲನ್ನು ಮಣ್ಣು ಸಮೇತ ಎತ್ತಿ, ಬುಡದ ಗೆಣ್ಣನ್ನು ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ ಅಥವಾ ತಿಳಿಹಸಿರು ಇದ್ದು ಗಟ್ಟಿಯಾಗಿದ್ದರೆ ಜೀವ ಇದೆ. ಕಂದಾಗಿ ಲಟಕ್ಕನೆ ಮುರಿದರೆ ಇಲ್ಲ. ಜೀವ ಇರುವ ಕಡೆ ವಾರಕ್ಕೆ ಒಂದಂಗುಲ ನೀರು ಸಾಕು, ನಿಮ್ಮ ಜಾಗಕ್ಕೆ 700 ಲೀಟರ್. ಅದನ್ನು ಎರಡು ಕಂತಿನಲ್ಲಿ ಬೆಳಗ್ಗೆ ಹಾಯಿಸಿ. ಪೈಪಿನಿಂದ 15 ಲೀಟರ್ ಬಕೆಟ್ ತುಂಬಲು ಒಂದು ನಿಮಿಷ ಹಿಡಿದರೆ ಒಂದು ಕಂತಿಗೆ 23 ನಿಮಿಷ. ದಿನಾ ಸಂಜೆ ಐದು ನಿಮಿಷ ಚಿಮುಕಿಸುವ ಅಭ್ಯಾಸ ಇದ್ದರೆ ಬಿಡಿ. ಅದರಿಂದ ಬೇರು ಮೇಲೆಯೇ ಉಳಿದು ಏಪ್ರಿಲ್ ಬಿಸಿಲಿಗೆ ಬೇಯುತ್ತದೆ. ಸತ್ತ ಕಡೆ ಈಗ ಏನೂ ನೆಡಬೇಡಿ. ಮೇ ಮಳೆ ಬಿದ್ದ ಮೇಲೆ ಬದುಕಿದ ಭಾಗದಿಂದ ಎರಡು ಮೂರು ಗೆಣ್ಣಿನ ತುಂಡು ಕಿತ್ತು ನಾಲ್ಕು ಅಂಗುಲಕ್ಕೊಂದು ಊರಿ. ಮತ್ತೆ ಯೂರಿಯಾ ಮಳೆಗಾಲ ಹಿಡಿದು ಹುಲ್ಲು ಹಸಿರಾದ ಮೇಲೆ, ತೂಕ ಮಾಡಿ. ಕತ್ತರಿಸುವಾಗ ಎಂದಿಗೂ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ: ಆರು ಸೆಂಟಿಮೀಟರ್ ಇದ್ದರೆ ನಾಲ್ಕಕ್ಕೆ ಇಳಿಸಿ, ನಿಲ್ಲಿಸಿ.

ಒಂದು ಅನುಮಾನ ಉಳಿಯುತ್ತದೆ. ಬಡಾವಣೆಯ ಎಷ್ಟೋ ಮನೆಗಳ ಅಂಗಳದಲ್ಲಿ ಮೇಲೆ ನಾಲ್ಕು ಅಂಗುಲ ಕೆಮ್ಮಣ್ಣು, ಕೆಳಗೆ ಮನೆ ಕಟ್ಟಿದಾಗ ಉಳಿದ ಜಲ್ಲಿ, ಗಾರೆ, ಇಟ್ಟಿಗೆ ಚೂರು. ನೀರು ಹಾಯಿಸಿದ ಮಾರನೇ ದಿನ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ; ಆರಂಗುಲ ಸಲೀಸಾಗಿ ಇಳಿಯಬೇಕು. ಕಟಕ್ ಅಂತ ನಿಂತರೆ ಅಲ್ಲಿ ಅಗೆದು, ಒಂದು ಹಿಡಿ ಮಣ್ಣಿಗೆ ವಿನಿಗರ್ ಹಾಕಿ. ಬುಸುಬುಸು ನೊರೆ ಬಂದರೆ ಸುಣ್ಣ ಸಿಮೆಂಟು ಸೇರಿದೆ ಅಂತ ಅರ್ಥ. ಅಂಥ ಕಡೆ ಗೊಬ್ಬರ ಎಷ್ಟು ಹಾಕಿದರೂ ಹುಲ್ಲು ಹಳದಿಯಾಗಿಯೇ ಇರುತ್ತದೆ, ಕಬ್ಬಿಣದ ಅಂಶ ಬೇರಿಗೆ ಸಿಗುವುದಿಲ್ಲ. ಅದಕ್ಕೆ ಮದ್ದು ಅಗೆದು ತೆಗೆಯುವುದು ಮಾತ್ರ. ಮಾವಿನ ನೆರಳು ಬೀಳುವ ಕಡೆ ಹುಲ್ಲಿನ ಆಸೆ ಬಿಟ್ಟು ಅರಿಶಿನ ಹಾಕಿ.

ಕೊನ್ನಾರಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ನಿಮ್ಮ ಶ್ರಮವೇ ನಿಮಗೆ ತಿರುಗಿಬಿದ್ದಿದೆ. ನೆಲ ನೆನೆಸಿ ಒಂದು ಗಿಡವನ್ನು ಕೈಯಿಂದ ಮೆಲ್ಲಗೆ ಬಿಡಿಸಿ ನೋಡಿ. ಎಲೆಯ ಬುಡದಲ್ಲೊಂದು ಸಣ್ಣ ಗೆಡ್ಡೆ, ಅದರಿಂದ ತಂತಿಯಂಥ ಎಳೆ, ಎಳೆಯ ಮೇಲೆ ಮತ್ತೊಂದು ಗೆಡ್ಡೆ, ಮತ್ತೆ ಎಳೆ, ಮತ್ತೆ ಗೆಡ್ಡೆ. ಮೇಲೆ ಕಪ್ಪು ಸಿಪ್ಪೆ, ಕೆರೆದರೆ ಒಳಗೆ ಬಿಳಿ, ಮೂಸಿದರೆ ಗ್ರಂಧಿಗೆ ಅಂಗಡಿಯ ವಾಸನೆ. ಭದ್ರಮುಷ್ಟಿ ಅಂತ ಅಲ್ಲಿ ದುಡ್ಡು ಕೊಟ್ಟು ತರುವುದೂ ಇದನ್ನೇ. ಈ ಸರ ಇಡಿಯಾಗಿ ಇರುವಾಗ ತುದಿಯ ಗೆಡ್ಡೆ ಮೊಳೆತು ಉಳಿದವನ್ನು ಮಲಗಿಸಿಟ್ಟಿರುತ್ತದೆ. ನೀವು ಗುದ್ದಲಿಯಿಂದ ಕೊಚ್ಚಿದಾಗ ಸರ ತುಂಡಾಗಿ ಮಲಗಿದ್ದವೆಲ್ಲ ಎದ್ದುಕೊಳ್ಳುತ್ತವೆ. ಒಂದಿದ್ದದ್ದು ಐದಾಗುವುದು ಹೀಗೆ.

ಉಪ್ಪು ಬೇಡವೇ ಬೇಡ. ಎಲೆ ಸುಡುತ್ತದೆ, ಗೆಡ್ಡೆ ಉಳಿಯುತ್ತದೆ. ಉಪ್ಪಿನ ಸೋಡಿಯಂ ಕೆಮ್ಮಣ್ಣನ್ನು ಗಾರೆಯಂತೆ ಕಟ್ಟಿಹಾಕಿ ನೀರಿಳಿಯದಂತೆ ಮಾಡುತ್ತದೆ, ಮೊದಲ ಮಳೆಗೆ ಹರಿದು ಮಾವಿನ ಬೇರಿಗೂ ಹೋಗುತ್ತದೆ. ತೆಂಗಿಗೆ ಉಪ್ಪು ಒಳ್ಳೆಯದು ಅನ್ನುವ ಮಾತು ಎಲ್ಲರ ಬಾಯಲ್ಲಿದೆ. ತೆಂಗಿಗೆ ಕ್ಲೋರೈಡ್ ಬೇಕು ನಿಜ, ಆದರೆ ಮೇಲೆ ಹೇಳಿದ ಮ್ಯುರಿಯೇಟ್ ಆಫ್ ಪೊಟ್ಯಾಷಿನಲ್ಲೇ ಅದು ಬೇಕಾದಷ್ಟಿದೆ. ಸೀಮೆಎಣ್ಣೆಯ ಕಥೆಯೂ ಉಪ್ಪಿನದೇ. ಕಳೆನಾಶಕ ಗ್ಲೈಫೋಸೇಟ್ ಗೆಡ್ಡೆಯವರೆಗೆ ಇಳಿಯುತ್ತದೆ, ಆದರೆ ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವೇ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದೆ. ಮನೆಯವರು ತಂದು ಹೊಡೆಯುವ ವಸ್ತು ಅದಲ್ಲ, ಹೊಡೆದರೆ ಹುಲ್ಲೂ ಸಾಯುತ್ತದೆ.

ಈಗ ಮಾರ್ಚ್. ಕೊನ್ನಾರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗೆಡ್ಡೆಯ ದೌರ್ಬಲ್ಯ ಒಂದೇ, ಒಣಗಿದರೆ ಸಾಯುತ್ತದೆ. ಹೆಚ್ಚಿನ ಗೆಡ್ಡೆಗಳು ಮೇಲಿನ ಆರಂಗುಲದಲ್ಲೇ ಇರುತ್ತವೆ. ಎಂಟೊಂಬತ್ತು ಅಂಗುಲ ಆಳಕ್ಕೆ ಅಗೆದು, ಹೆಂಟೆ ಒಡೆದು, ಮರಳು ಜರಡಿಯಲ್ಲಿ ಜಾಲಿಸಿ ಗೆಡ್ಡೆ ಬೇರೆ ಮಾಡಿ. ತಾರಸಿಯ ಮೇಲೆ ಒಂದೇ ಪದರವಾಗಿ ಹರಡಿ ಹದಿನೈದು ದಿನ ಬಿಸಿಲಿಗೆ ಬಿಡಿ, ರಾಶಿ ಹಾಕಿದರೆ ಅಡಿಯದ್ದು ಬದುಕುತ್ತದೆ. ಗೊಬ್ಬರದ ಗುಂಡಿಗಂತೂ ಹಾಕಲೇಬೇಡಿ. ಮಳೆ ಶುರುವಾದ ಮೇಲೆ ಉಳಿದವು ಮೊಳೆಯುತ್ತವೆ, ಎದೆಗುಂದಬೇಡಿ. ಮೊಳೆತ ಮೂರ್ನಾಲ್ಕು ವಾರಕ್ಕೆ ಹೊಸ ಗೆಡ್ಡೆ ಕಟ್ಟಲು ತೊಡಗುತ್ತದೆ, ಅದಕ್ಕೆ ಮೊದಲೇ ಕೀಳಬೇಕು. ಹದಿನೈದು ದಿನಕ್ಕೊಮ್ಮೆ, ಅಕ್ಟೋಬರ್‌ವರೆಗೆ, ಒಂದು ಕಂತೂ ತಪ್ಪಿಸದೆ. ಪ್ರತಿ ಸಲ ಹೊಸ ಎಲೆ ಬಿಡಲು ಗೆಡ್ಡೆ ತನ್ನ ಗಂಟನ್ನೇ ಕರಗಿಸಿಕೊಳ್ಳುತ್ತದೆ. ಒಂದು ಮಳೆಗಾಲ ಹೀಗೆ ಕಾಡಿಸಿದರೆ ಮುಂದಿನ ವರ್ಷಕ್ಕೆ ಬಹುಪಾಲು ಸೊರಗಿರುತ್ತದೆ. ಕೊನ್ನಾರಿಗೆ ನೆರಳು ಆಗದು, ಖಾಲಿ ಬಿಟ್ಟ ಜಾಗಕ್ಕೆ ಗೆಣಸಿನ ಬಳ್ಳಿ ಹಬ್ಬಿಸಿ. ಕಪ್ಪು ಪ್ಲಾಸ್ಟಿಕ್ ಹಾಸಿದರೆ ಸಾಯುತ್ತದೆ ಅನ್ನುವವರಿದ್ದಾರೆ, ಅದರ ಚೂಪು ಮೊಳಕೆ ತೆಳು ಹಾಳೆಯನ್ನು ತೂತು ಮಾಡಿಕೊಂಡು ಬರುತ್ತದೆ. ಬೇಲಿ ಪಕ್ಕ ಕಾಂಗ್ರೆಸ್ ಗಿಡ ಇದ್ದರೆ ಹೂ ಬಿಡುವ ಮೊದಲೇ, ಕೈಗೆ ಗ್ಲೌಸ್ ಹಾಕಿ ಬೇರು ಸಮೇತ ಕಿತ್ತುಬಿಡಿ, ಅದರ ಧೂಳು ಮೈ ತುರಿಕೆಗೂ ಉಬ್ಬಸಕ್ಕೂ ಕಾರಣ.

ಸೊಂಟ ಹಿಡಿಯುವುದಕ್ಕೆ ಕಾರಣ ವಯಸ್ಸಲ್ಲ, ಒಣ ನೆಲ ಮತ್ತು ಗುದ್ದಲಿಯ ಗಿಡ್ಡ ಕಾವು (ಹಿಡಿ). ಕೆಮ್ಮಣ್ಣು ಒಣಗಿದಾಗ ಅಗೆಯುವವರು ಮಣ್ಣಿನ ಜೊತೆ ಗುದ್ದಾಡುತ್ತಾರೆ. ಹಿಂದಿನ ದಿನ ಸಂಜೆ ನೀರು ಬಿಡಿ. ಬೆಳಗ್ಗೆ ಒಂದು ಹಿಡಿ ಮಣ್ಣು ಅದುಮಿ ಉಂಡೆ ಮಾಡಿ ಬೆರಳಿನಿಂದ ತಟ್ಟಿದರೆ ಉದುರಬೇಕು. ಉಂಡೆಯೇ ಆಗದಿದ್ದರೆ ನೀರು ಸಾಲದು, ಉದುರದೆ ಅಂಟಿಕೊಂಡರೆ ಹೆಚ್ಚಾಗಿದೆ, ಇನ್ನೊಂದು ದಿನ ಬಿಡಿ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಪೈಪ್ ಕಾವಿನ ಗುದ್ದಲಿ ಗಿಡ್ಡ, ಪೂರ್ತಿ ಬಗ್ಗಬೇಕಾಗುತ್ತದೆ. ಮರದ ಕಾವು ಹಾಕಿಸಿ, ನೆಲಕ್ಕೆ ನಿಲ್ಲಿಸಿದರೆ ಹೊಕ್ಕುಳ ಮಟ್ಟಕ್ಕಾದರೂ ಬರಲಿ. ಬಾಯಿ ಮೊಂಡಾಗಿದ್ದರೆ ಅರ ಹಿಡಿದು ಹೊರಮೈ ಕಡೆಯಿಂದ ಮಾತ್ರ ಉಜ್ಜಿ. ಇಡೀ ಭಾನುವಾರ ಒಂದೇ ದಿನ ಅಗೆಯುವ ಬದಲು ದಿನ ಬಿಟ್ಟು ದಿನ ಬೆಳಗ್ಗೆ ಅರ್ಧ ಗಂಟೆ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಮುಂದಿನ ಕೈ ಹಿಂದಕ್ಕೆ, ಹಿಂದಿನ ಕೈ ಮುಂದಕ್ಕೆ ಬದಲಿಸಿ. ಬಾಂಡ್ಲಿಗೆ ಹಸಿ ಮಣ್ಣು ಅರ್ಧ ಮಾತ್ರ ತುಂಬಿ, ಸೊಂಟ ತಿರುಚಿ ಎಸೆಯಬೇಡಿ, ಪಾದವನ್ನೇ ತಿರುಗಿಸಿ. ನೋವು ಮೊಣಕಾಲಿನ ಕೆಳಗೆ ಇಳಿದರೆ, ಕಾಲು ಜೋಮು ಹಿಡಿದರೆ ಗುದ್ದಲಿ ಬಿಟ್ಟು ಡಾಕ್ಟರ್ ಬಳಿ ಹೋಗಿ.

ಮಾವಿನ ಕೊಂಬೆ ವಿಷಯ ಚಿಕ್ಕದು. ತಂತಿ ಹತ್ತಿರದ ಕೊಂಬೆಗೆ ನೀವೂ ಕೈ ಹಾಕಬೇಡಿ, ಕೂಲಿಯವರಿಗೂ ಹೇಳಬೇಡಿ. 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಸೆಸ್ಕ್‌ಗೆ ದೂರು ಕೊಡಿ, ಲೈನ್ ಆಫ್ ಮಾಡಿ ಅವರೇ ಕಡಿಯಬೇಕು. ಅಲ್ಯೂಮಿನಿಯಂ ಏಣಿಯನ್ನು ಆ ಮರದ ಹತ್ತಿರವೂ ಒಯ್ಯಬೇಡಿ. ಮರವನ್ನೇ ತೆಗೆಸುವ ಯೋಚನೆ ಇದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ. ಉದುರಿದ ಎಲೆಗೆ ಬೆಂಕಿ ಹಾಕುವುದು ಘನತ್ಯಾಜ್ಯ ನಿಯಮದಂತೆ ತಪ್ಪು. ಗುಂಡಿಗೆ ಹಾಕಿ, ತಿಂಗಳಿಗೊಮ್ಮೆ ಮಗುಚಿ. ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳ ಸಿಕ್ಕರೆ ಆರಿಸಿ ಕೊಲ್ಲಿ. ತೆಂಗಿನ ಸುಳಿ ಕೊರೆಯುವ ದುಂಬಿ ಹುಟ್ಟುವುದು ಅಲ್ಲೇ.

ಅಪ್ಪನಿಗೆ ಏನು ಉಳಿಯಿತು ಅಂತ ನೀವು ಕೇಳಬಹುದು. ಬೇಕಾದಷ್ಟಿದೆ. ಮಣ್ಣಿನ ಹದ ನೋಡಿ "ಇವತ್ತು ಅಗಿ, ಇವತ್ತು ಬೇಡ" ಅನ್ನುವುದು ಅವರ ಪಾಲಿಗೆ ಬಿಡಿ, ಆ ಕಣ್ಣು ನಿಮಗಿನ್ನೂ ಬಂದಿಲ್ಲ. ಗುದ್ದಲಿ ಕಾವು ಸಡಿಲವಾದಾಗ ನೀರಿನಲ್ಲಿ ನೆನೆಸಿಟ್ಟರೆ ಆ ಕ್ಷಣಕ್ಕೆ ಬಿಗಿಯಾಗಿ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬೆಣೆ ಎಲ್ಲಿ, ಎಷ್ಟು ಹೊಡೆಯಬೇಕು ಅಂತ ಅವರನ್ನೇ ಕೇಳಿ, ಅವರಿಂದಲೇ ಮಾಡಿಸಿ. ಗೆಡ್ಡೆ ಜಾಲಿಸುವುದು, ಸಸಿ ಕುಂಡಗಳ ಕೆಲಸ ಎಲ್ಲವನ್ನೂ ಸೊಂಟದೆತ್ತರದ ಕಲ್ಲುಬೆಂಚಿನ ಮೇಲೆ ಮಾಡುವಂತೆ ಹೊಂದಿಸಿ, ಬಗ್ಗಿ ಏಳುವುದು ತಪ್ಪುತ್ತದೆ. ಪಾತಿ ಕಳೆಗೆ ಒಂದು ಗಿಡ್ಡ ಸ್ಟೂಲು ಇಡಿ. ಬಿಸಿಲೇರುವ ಮೊದಲು, ಒಂಬತ್ತರೊಳಗೆ ಮುಗಿಸಲಿ. ಬಾಯಾರಿಕೆ ವಯಸ್ಸಾದವರಿಗೆ ತಡವಾಗಿ ಗೊತ್ತಾಗುತ್ತದೆ, ಪಕ್ಕದಲ್ಲೇ ನೀರಿನ ಚೊಂಬು ಇರಲಿ. ಬರಿಗಾಲು ಬೇಡ. ಎಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಬೇಕು, ಕೊಳಕುಮಂಡಲಕ್ಕೆ ಅಂಥ ಜಾಗ ಇಷ್ಟ. ಟಿ.ಟಿ. ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಇಬ್ಬರೂ ಹಾಕಿಸಿಕೊಳ್ಳಿ.

ಮರ ಹತ್ತುವವರ ಜೊತೆ ಕೂಲಿ ಮಾತಾಡುವುದನ್ನೂ ಅಪ್ಪನಿಗೇ ಬಿಡಿ. ಮರಕ್ಕಿಷ್ಟು ಅಂತಲೋ, ಇಷ್ಟು ಕಾಯಿ ಅಂತಲೋ, ಮೊದಲೇ ತೀರ್ಮಾನವಾಗಲಿ. ನೀವು ನೋಡಿಕೊಳ್ಳಬೇಕಾದದ್ದು ಬೇರೆ: ಬೆಲ್ಟು ಇಲ್ಲದವರನ್ನು ಹತ್ತಿಸಬೇಡಿ, ಮಳೆ ಬಿದ್ದು ಕಾಂಡ ನೆನೆದಿದ್ದರೆ ವಾಪಸು ಕಳಿಸಿ, ಬಂದ ದಿನದ ಕೂಲಿಯಲ್ಲಿ ಸ್ವಲ್ಪ ಕೊಟ್ಟೇ ಕಳಿಸಿ. ಅಪಾಯ ನಮ್ಮ ಮನೆಯವರಿಂದ ಇನ್ನೊಬ್ಬರ ಮನೆಯವರಿಗೆ ದಾಟಿದರೆ ಕಡಿಮೆಯಾಯಿತು ಅಂತಲ್ಲ. ಕೆಲಸ ಮುಗಿದ ಮೇಲೆ ಕಾಫಿ ಕೊಡಿ. ಹಿತ್ತಲ ಬಾಗಿಲಲ್ಲಿ ಬೇರೆ ಲೋಟ ಇಡುವ ಪದ್ಧತಿ ನಿಮ್ಮಲ್ಲಿಲ್ಲ ಅಂದುಕೊಂಡಿದ್ದೇನೆ.

ಈ ವಾರ ಮಾಡಬಹುದಾದ ಇನ್ನೊಂದು ಕೆಲಸ ಮಣ್ಣು ಪರೀಕ್ಷೆಗೆ ಕಳಿಸುವುದು. ಐದಾರು ಕಡೆ ಮೇಲಿನ ಕಸ ಸರಿಸಿ ಆರಂಗುಲ ಆಳಕ್ಕೆ ವಿ ಆಕಾರದಲ್ಲಿ ಗುಂಡಿ ತೆಗೆದು, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೊಂದು ಪದರ ಕೆರೆದುಕೊಳ್ಳಿ. ಎಲ್ಲವನ್ನೂ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಬಟ್ಟೆ ಚೀಲಕ್ಕೆ ಹಾಕಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಊರ ಕಡೆ ಹೋಗುವುದಿದ್ದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ವಿಚಾರಿಸಿ ಕೊಡಬಹುದು. ತೆಂಗಿನ ಪಾತಿಯ ಮಣ್ಣು ಮತ್ತು ಅಂಗಳದ ಮಣ್ಣು ಬೇರೆ ಬೇರೆ ಚೀಲದಲ್ಲಿರಲಿ. ಯೂರಿಯಾ ಬಿದ್ದ ಹುಲ್ಲುಹಾಸಿನ ಮಣ್ಣನ್ನು ಈಗ ತೆಗೆಯಬೇಡಿ, ಲೆಕ್ಕ ತಪ್ಪು ಬರುತ್ತದೆ. ಅದಕ್ಕೆ ಎರಡು ತಿಂಗಳು ಕಳೆಯಲಿ.